ಹಿತ್ತಲ ಬಾಗಿಲ ಅತ್ಯಾ

ನಾಸಿಕದ ನಮ್ಮ ಮನೆಗೆ ಎರಡು ಬಾಗಿಲುಗಳಿದ್ದವು. ಮುಂದಿನ ಬಾಗಿಲಿನಿಂದ ಅಪ್ಪ ಬರುತ್ತಿದ್ದ, ಅಪ್ಪನ ಬ್ಯಾಂಕಿನವರು ಬರುತ್ತಿದ್ದರು, ಶ್ರಾವಣದಲ್ಲಿ ಪುರೋಹಿತರು ಬರುತ್ತಿದ್ದರು, ಗ್ಯಾಸ್ ಸಿಲಿಂಡರ್ ಹೊತ್ತವನೂ ಬರುತ್ತಿದ್ದ. ಹಿಂದಿನ ಬಾಗಿಲಿನಿಂದ ಬರುತ್ತಿದ್ದವರು ಇಬ್ಬರೇ: ಪಾತ್ರೆ ತಿಕ್ಕುವ ಕೆಲಸದ ಬಾಯಿ ಮತ್ತು ನನ್ನ ಅತ್ಯಾ, ಅಂದರೆ ಅಪ್ಪನ ಅಕ್ಕ ಡಾಕ್ಟರ್ ಇಂದುಮತಿ. ಆ ಮನೆಯನ್ನು ಬಾಡಿಗೆಗೆ ಹಿಡಿದವಳು ಅತ್ಯಾನೇ. ನಾವು ಬರುವ ಐದಾರು ವರ್ಷ ಮೊದಲಿನಿಂದ ಅಲ್ಲಿ ಒಬ್ಬಳೇ ಇದ್ದಳು, ಎರಡೂ ಬಾಗಿಲುಗಳನ್ನು ಮನಸ್ಸಿಗೆ ಬಂದಂತೆ ಬಳಸುತ್ತಿದ್ದಳು. ಅಪ್ಪನಿಗೆ ಧಾರವಾಡದಿಂದ ನಾಸಿಕಕ್ಕೆ ವರ್ಗವಾಯಿತು. ಅಪ್ಪ, ಅಮ್ಮ, ಅಜ್ಜಿ, ನಾನು, ನಾಲ್ಕೂ ಮಂದಿ ಗಂಟುಮೂಟೆ ಸಮೇತ ಅವಳ ಮನೆಯಲ್ಲಿ ಬಂದಿಳಿದೆವು, ಒಂದು ವಾರದೊಳಗೆ ಅವಳಿಗೆ ಹಿತ್ತಲ ಬಾಗಿಲು ತೋರಿಸಿದೆವು. ನಾಚಿಕೆ ಎಂಬುದು ನಮ್ಮ ಮನೆತನದಲ್ಲಿ ಯಾರಿಗೂ ಅಂಟಿದ ರೋಗವಲ್ಲ.

ಕಾರಣ ಅವಳ ಕೆಲಸ. ಅತ್ಯಾ ಸೂಕ್ಷ್ಮಜೀವಿಶಾಸ್ತ್ರ ಓದಿದವಳು, ಸರಕಾರಿ ಕ್ಷಯರೋಗ ಪ್ರಯೋಗಾಲಯವೊಂದರ ಉಸ್ತುವಾರಿ ಹೊತ್ತ ಮೊದಲ ಹೆಂಗಸು. ಕಂಡವರ ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ರೋಗಾಣು ಹುಡುಕುವುದು ಅವಳ ದಿನದ ಕಸುಬು. ವಾರಕ್ಕೆರಡು ದಿನ ಸ್ಕೂಟಿ ಹತ್ತಿ ಸಾತಪುರಕ್ಕೆ ಹೋಗಿ, ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಮುಂದೆ ನಿಂತು, ಕೆಮ್ಮುವವರನ್ನು ತಡೆದು ಡಬ್ಬಿ ಕೊಟ್ಟು ಬರುತ್ತಿದ್ದಳು. ಅಪ್ಪ ಈ ಸುದ್ದಿಯನ್ನು ಹೊರಗೆ ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ಕೇಳಿದರೆ ಅಕ್ಕ ರಿಸರ್ಚಿನಲ್ಲಿದ್ದಾಳೆ ಎಂದು ಹೇಳಿ ಚಹಾ ತರಿಸುತ್ತಿದ್ದ. ಅಜ್ಜಿ ಅಷ್ಟು ಸುತ್ತಿ ಬಳಸುವವಳಲ್ಲ.

“ಊರ ಮಂದಿ ಉಗುಳು ಮುಟ್ಟಿ ಬರ್ತಾಳ ಇಕಿ. ದೇವರಿರೋ ಮನಿಯೊಳಗ ಮುಂದಿನ ಬಾಗಲದಿಂದ ಹೆಂಗ ಬಿಟ್ಟುಕೊಳ್ಳೋದು?”

ಹೀಗಾಗಿ ಅತ್ಯಾ ಸಂಜೆ ಸ್ಕೂಟಿಯನ್ನು ಮುಂದೆ ನಿಲ್ಲಿಸಿ, ಮನೆಯನ್ನು ಸುತ್ತು ಹಾಕಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಂಡು, ಅಮ್ಮ ಬಾಗಿಲ ಹೊರಗಿಟ್ಟ ಸೀರೆ ಉಟ್ಟು ಒಳಗೆ ಬರುತ್ತಿದ್ದಳು. ನಾಸಿಕದ ಡಿಸೆಂಬರಿನ ಚಳಿಯಲ್ಲೂ ಇದೇ ಕ್ರಮ. ಅವಳ ತಾಟು, ಅವಳ ಲೋಟ ಕಿಟಕಿಯ ಕಟ್ಟೆಯ ಮೇಲೆ ಬೇರೆ ಇರುತ್ತಿದ್ದವು. ಅವಳಿಗೆ ಜೋಳದ ಭಕ್ರಿಯನ್ನು ಮೇಲಿನಿಂದ ಬಿಡುತ್ತಿದ್ದರು, ಕಡಲೆಹಿಟ್ಟಿನ ಝುಣಕವನ್ನು ಚಮಚದಿಂದ ಎತ್ತರಿಸಿ ಹಾಕುತ್ತಿದ್ದರು. ಅವಳು ಒಂದು ದಿನವೂ ಜಗಳ ಮಾಡಲಿಲ್ಲ. ನಾನು ಬಹುಕಾಲ ಇದನ್ನು ಅವಳ ತಪ್ಪೊಪ್ಪಿಗೆ ಎಂದೇ ತಿಳಿದಿದ್ದೆ. ದಿನವಿಡೀ ಸಾಯುವವರ ಜೊತೆ ಗುದ್ದಾಡಿ ಬಂದವಳಿಗೆ ನಮ್ಮಂಥವರ ಜೊತೆ ಗುದ್ದಾಡಲು ತ್ರಾಣ ಉಳಿದಿರುತ್ತಿರಲಿಲ್ಲ ಎಂದು ಹೊಳೆಯಲು ನಾನು ದೊಡ್ಡವಳಾಗಬೇಕಾಯಿತು. ಆಗ ನನಗೆ ಹತ್ತು ವರ್ಷ. ಅವಳು ಒಳಗೆ ಬಂದಾಗ ಮೂಗು ಮುಚ್ಚಿಕೊಳ್ಳುವುದನ್ನು ನಾನೇ ಕಂಡುಹಿಡಿದಿದ್ದೆ. ಅಜ್ಜಿ ನೋಡಿ ನಕ್ಕಿದ್ದಳು, ಅಪ್ಪ ಪೇಪರಿನ ಹಿಂದೆ ನಕ್ಕಿದ್ದ. ಬೇರೆ ಮಕ್ಕಳು ಅಜ್ಜಿಯಿಂದ ಕಥೆ ಕಲಿಯುತ್ತಾರೆ, ನಾನು ತಿರಸ್ಕಾರ ಕಲಿತೆ. ಈ ಪುಟಗಳಲ್ಲಿ ಅದು ಯಥೇಚ್ಛವಾಗಿ ಕಾಣಿಸಿದರೆ, ವಿದ್ಯೆ ಎಲ್ಲಿಯದು ಎಂದು ಕೇಳಬೇಕಾಗಿಲ್ಲ.

ಆ ಮನೆಯ ದೇವರಕೋಣೆಯ ಬಗ್ಗೆ ಹೇಳಬೇಕು. ಅತ್ಯಾ ಒಬ್ಬಳೇ ಇದ್ದಾಗ ಅದು ಪುಸ್ತಕದ ಕೋಣೆ. ಇಬ್ಬರು ಕೂತರೆ ಮೂರನೆಯವರ ಮೊಣಕಾಲು ತಾಗುವಷ್ಟು ಜಾಗ, ಮೇಲೆ ಒಂದು ಬೆಳಕಿಂಡಿ. ಅಜ್ಜಿ ಪುಸ್ತಕಗಳನ್ನು ಮಾಳಿಗೆಗೆ ಅಟ್ಟಿ, ದೇವರನ್ನು ಕೂರಿಸಿ, ಗಾಳಿಗೆ ದೀಪ ಆರುತ್ತದೆಂದು ಬೆಳಕಿಂಡಿಗೆ ಹಳೆಯ ಪತ್ತಲದ ಸೀರೆ ತುರುಕಿದಳು. ಬೆಳಿಗ್ಗೆ ಎರಡು ತಾಸು, ಸಂಜೆ ಒಂದು ತಾಸು, ಬಾಗಿಲು ಮುಂದೆ ಮಾಡಿಕೊಂಡು ಅದರೊಳಗೆ ಕೂರುತ್ತಿದ್ದಳು. ಅಮ್ಮ ಮಡಿಯುಟ್ಟು ಅವಳ ಪಕ್ಕದಲ್ಲಿ ಬರಿ ನೆಲದ ಮೇಲೆ ಕೂತು ಹೂವು, ಗಂಧ, ಬತ್ತಿ ಎತ್ತಿಕೊಡುತ್ತಿದ್ದಳು. ರಾತ್ರಿ ಅಜ್ಜಿಯ ಕಾಲೊತ್ತುತ್ತ ಅವಳ ಕೋಣೆಯಲ್ಲೇ ಮಲಗುತ್ತಿದ್ದವಳೂ ಅಮ್ಮನೇ. ಆ ಮಳೆಗಾಲದಲ್ಲಿ ಅಜ್ಜಿಗೆ ಕೆಮ್ಮು ಶುರುವಾಯಿತು. ಮಳೆ ನಿಂತಿತು, ಕೆಮ್ಮು ನಿಲ್ಲಲಿಲ್ಲ. ದಸರೆಯ ಹೊತ್ತಿಗೆ ಅವಳ ರವಿಕೆಗಳು ಸಡಿಲವಾದವು, ಸಂಜೆ ಸಂಜೆ ಮೈ ಬೆಚ್ಚಗಾಗುತ್ತಿತ್ತು. ಅಪ್ಪ ಜೇಷ್ಠಮಧು ತಂದ, ಆಮೇಲೆ ಯಾವುದೋ ಕಷಾಯ ತಂದ. ಮನೆಯಲ್ಲಿ ಕೆಮ್ಮಿನ ವಿಷಯ ಬಲ್ಲವಳು ಒಬ್ಬಳಿದ್ದಳು, ಅವಳನ್ನು ಕೇಳುವ ಬುದ್ಧಿ ಮಾತ್ರ ಯಾರಿಗೂ ಬರಲಿಲ್ಲ. ಕೊನೆಗೆ ಅವಳೇ ಬಾಯಿಬಿಟ್ಟಳು. ಒಂದು ಸಂಜೆ ತನ್ನ ಚೀಲದಿಂದ ಮುಚ್ಚಳವಿರುವ ಮೂರು ಪ್ಲಾಸ್ಟಿಕ್ ಡಬ್ಬಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಅವ್ವಾ, ಮೂರು ದಿನ, ದಿನಾ ಒಂದು. ಬೆಳಿಗ್ಗೆ ಎದ್ದ ಕೂಡ್ಲೆ, ಬಾಯಿ ತೊಳಿಯೂದಕ್ಕಿಂತ ಮೊದಲ, ಎದಿ ತಳದಿಂದ ಕೆಮ್ಮಿ ಇದರೊಳಗ ಉಗುಳು. ಬಾಯಾಗಿನ ಉಗುಳು ಬ್ಯಾಡ, ಎದಿಯೊಳಗಿಂದು ಬೇಕು.”

ಅಜ್ಜಿ ಡಬ್ಬಿಗಳನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಆಗಲಿ ಎಂದಳು, ಏಕೆಂದರೆ ಹಿಂದಿನ ದಿನ ಅಪ್ಪನ ಎದುರಿಗೇ ಕೆಮ್ಮಿ ಕೆಮ್ಮಿ ಕುಸಿದಿದ್ದಳು. ಆದರೆ ಮರುದಿನ ಬೆಳಿಗ್ಗೆ ಅವಳ ಶಾಸ್ತ್ರ ಅಡ್ಡ ಬಂತು. ಎದ್ದ ಕೂಡಲೆ ಬಾಯಿ ತೊಳೆಯದೆ ಯಾವುದನ್ನೂ ತುಟಿಗೆ ಮುಟ್ಟಿಸುವಂತಿಲ್ಲ. ಬಾಯಿ ತೊಳೆದರೆ ಸೀದಾ ಸ್ನಾನ. ಸ್ನಾನವಾದರೆ ಮಡಿ, ಮಡಿಯಲ್ಲಿ ಪ್ರಯೋಗಾಲಯದ ಪ್ಲಾಸ್ಟಿಕ್ಕು ಮುಟ್ಟುವಂತಿಲ್ಲ. ಪೂಜೆಯಾದ ಮೇಲೆ ಊಟ, ಊಟವಾದ ಮೇಲೆ ಅದು ಬೆಳಗಿನ ಕಫವಲ್ಲ. ಹೀಗೆ ಲೆಕ್ಕ ಹಾಕಿದರೆ ಇಡೀ ದಿನದಲ್ಲಿ ಅಜ್ಜಿ ಆ ಡಬ್ಬಿಯಲ್ಲಿ ಉಗುಳಬಹುದಾದ ಒಂದು ಗಳಿಗೆಯೂ ಇರಲಿಲ್ಲ. ನಾನು ಆಗಷ್ಟೇ ಹಲ್ಲು ತಿಕ್ಕಿ, ಶಾಲೆಯ ಯೂನಿಫಾರ್ಮು ಹಾಕಿಕೊಳ್ಳುವ ಮುಂಚೆ ಹಿತ್ತಲಲ್ಲಿ ನಿಂತಿದ್ದೆ. ಅತ್ಯಾ ಹಾಲಿನ ಕೇಂದ್ರಕ್ಕೆ ಹೋಗಿದ್ದಳು.

“ವೀಣೀ, ಬಾ ಇಲ್ಲೆ. ಆ ಡಬ್ಬಿಯೊಳಗ ಉಗುಳು.”

“ಅದು ನಿಂದಲ್ಲಾ ಅಜ್ಜಿ?”

“ಒಂದ ಮನಿ, ಒಂದ ರಕ್ತ. ನಿಂದಾದರೇನು, ನಂದಾದರೇನು? ಉಗುಳು ಮುಚ್ಚಳಾ ಹಾಕು. ಇವತ್ತಿಂದ ನೈವೇದ್ಯದ ಗಂಟಿ ನೀನ ಬಾರಿಸು.”

ನೈವೇದ್ಯದ ಗಂಟೆ! ದೇವರಕೋಣೆಯೊಳಗೆ ಮಣೆ ಹಾಕಿಕೊಂಡು ಕೂರುವ ಅಧಿಕಾರ ಆವರೆಗೆ ನನಗಿರಲಿಲ್ಲ, ಹೊಸ್ತಿಲಿನಿಂದ ಕೈಮುಗಿಯುವುದಷ್ಟೇ. ನಾನು ಉಗುಳಿದೆ. ಮೂರೂ ದಿನ ಉಗುಳಿದೆ, ಎರಡನೆಯ ದಿನದಿಂದ ಕರೆಯುವುದಕ್ಕೂ ಕಾಯಲಿಲ್ಲ. ಲಂಚ ತಿಂದವರ ಬಗ್ಗೆ ನಾನು ಆಮೇಲೆ ಬಹಳ ಬರೆದಿದ್ದೇನೆ, ಭಾಷಣವನ್ನೂ ಮಾಡಿದ್ದೇನೆ. ಒಂದು ಹಿತ್ತಾಳೆ ಗಂಟೆಗೆ ನಾನು ಮಾರಿಹೋಗಿದ್ದೆ ಎಂಬುದನ್ನು ಎಲ್ಲೂ ಹೇಳಿರಲಿಲ್ಲ.

ನಾಲ್ಕನೆಯ ಸಂಜೆ ಅತ್ಯಾ ಸ್ನಾನ ಮುಗಿಸಿ ಒಳಗೆ ಬಂದಾಗ ಅಪ್ಪ ಕೇಳಿದ. ಅವಳು ಡಬ್ಬಿಗಳಲ್ಲಿ ಏನೂ ಸಿಗಲಿಲ್ಲವೆಂದಳು. ಅಪ್ಪನ ಮುಖ ಅರಳಿತು.

“ಹೇಳಿದ್ದಿಲ್ಲೇನು ನಾ?”

“ಪೂರ್ತಿ ಕೇಳು. ಡಬ್ಬಿಯೊಳಗ ಕಫಾನ ಇರಲಿಲ್ಲ. ಬರೇ ಬಾಯಾಗಿನ ಉಗುಳು. ಸಿಗಲಿಲ್ಲ ಅಂದ್ರ ರೋಗ ಇಲ್ಲಂತ ಅಲ್ಲ. ನಾಳೆ ಎಕ್ಸ್‌ರೇ ತಗಿಸೂಣು.”

“ಮೂರು ಸಲ ನೋಡಿ, ಮೂರೂ ಸಲ ಇಲ್ಲ. ಇನ್ನ ಎಕ್ಸ್‌ರೇ ಯಾಕ? ಅವ್ವಗ ರೋಗ ಹಚ್ಚೇ ಬಿಡಬೇಕಂತ ಹಟಾ ಹಿಡದೀಯೇನು? ಟಿಬಿ ಸಾತಪುರದ ಕೂಲಿಕಾರರ ಚಾಳಿನೊಳಗ ಬರ್ತದ ಅಕ್ಕಾ, ನಮ್ಮಂಥವರ ಮನಿಯೊಳಗಲ್ಲ.”

ಅಪ್ಪ ಪದವೀಧರ. ಆಫೀಸರ್ ಪರೀಕ್ಷೆ ಪಾಸು ಮಾಡಿದ್ದ. ಕೆಮ್ಮು ಮನೆಯ ಜಾತಿ ಕೇಳಿ ಒಳಗೆ ಬರುತ್ತದೆ ಎಂದು ನಂಬಲು ಅವನಿಗೆ ಅದರಿಂದ ಯಾವ ಅಡಚಣೆಯೂ ಆಗಲಿಲ್ಲ. ಅತ್ಯಾ ಮಾತು ಬೆಳೆಸದೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ, ಅಷ್ಟು ಧೈರ್ಯ ಅವತ್ತಿರಲಿಲ್ಲ.

“ವೀಣಾ, ಅಜ್ಜಿ ಆ ಡಬ್ಬಿಯೊಳಗ ಉಗುಳೂದು ನೀ ನೋಡೀಯೇನು?”

“ನೋಡೀನಿ.”

“ಮೂರೂ ದಿನ?”

“ಹೂಂ. ಮೂರೂ ದಿನ.”

ಅವಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಏನಾದರೂ ನೆನಪಾದರೆ ಬಂದು ಹೇಳು, ಯಾವಾಗಾದರೂ ಹೇಳು ಎಂದಳು. ನಾನು ಒಳಗೆ ಓಡಿ ಗಂಟೆ ಬಾರಿಸಲು ಕೂತೆ.

ಮುಂದಿನ ತಿಂಗಳುಗಳಲ್ಲಿ ಮನೆ ತನ್ನ ಬುದ್ಧಿವಂತಿಕೆಯನ್ನೆಲ್ಲ ಪ್ರದರ್ಶಿಸಿತು. ಕೆಮ್ಮಿಗೆ ಕಾರಣ ಪಿತೃದೋಷವೆಂದು ಅಪ್ಪನ ಬ್ಯಾಂಕಿನ ಗೆಳೆಯರೊಬ್ಬರು ಕಂಡುಹಿಡಿದರು. ಸರಿ, ತ್ರ್ಯಂಬಕೇಶ್ವರಕ್ಕೆ ಹೋಗಿ ಮೂರು ದಿನದ ಶಾಂತಿ ಮಾಡಿಸುವುದೆಂದಾಯಿತು. ಷೇರಿಂಗ್ ಜೀಪಿನಲ್ಲಿ ಹತ್ತು ಹನ್ನೆರಡು ಮಂದಿ ತುರುಕಿ ಕೂತಿದ್ದೆವು. ಅಜ್ಜಿಗೆ ಥಂಡಿಯೆಂದು ಅಪ್ಪ ಕಿಟಕಿಗಳನ್ನೆಲ್ಲ ಮುಚ್ಚಿಸಿದ, ಅಜ್ಜಿ ದಾರಿಯುದ್ದಕ್ಕೂ ಕೆಮ್ಮಿದಳು. ಅವಳ ಎದುರಿಗೆ ಮಗುವನ್ನೆತ್ತಿಕೊಂಡ ಒಬ್ಬ ತಾಯಿ ಇದ್ದಳು. ಆ ಮಗು ಏನಾಯಿತೆಂದು ನಮ್ಮಲ್ಲಿ ಯಾರೂ ಎಂದೂ ಯೋಚಿಸಲಿಲ್ಲ, ನಾನು ಮಾತ್ರ ಈಗ ಯೋಚಿಸುತ್ತೇನೆ. ಲಾಡ್ಜಿನಲ್ಲಿ ಅಮ್ಮ ಒದ್ದೆ ಸೀರೆಯಲ್ಲೇ ಮೂರು ದಿನವೂ ಅಡುಗೆ ಮಾಡಿದಳು. ವಾಪಸ್ಸು ಬಂದ ಮೇಲೆ ಅಮ್ಮನೂ ಕೆಮ್ಮತೊಡಗಿದಳು. ಸಣ್ಣಗಾದಳು. ಅಜ್ಜಿಗೆ ಅದು ಇಷ್ಟವಾಯಿತು, ಸೊಸೆ ಈಗ ಸೊಸೆಯ ಹಾಗೆ ಕಾಣುತ್ತಾಳೆ ಎಂದಳು. ಎರಡು ಕೊಡ ನೀರನ್ನು ಒಂದೇ ಸಲಕ್ಕೆ ಮಾಳಿಗೆಗೆ ಒಯ್ಯುತ್ತಿದ್ದ ನನ್ನಮ್ಮ ಅರ್ಧ ಮೆಟ್ಟಿಲಿನಲ್ಲಿ ಕೂರುವಂತಾದಳು. ಅಪ್ಪ ಆಗಲೂ ಜೇಷ್ಠಮಧು ತಂದ.

ಒಂದು ಮುಂಜಾನೆ ಬಚ್ಚಲ ಹತ್ತಿರ ಸದ್ದಾಗಿ ನಾನು ಹೋಗಿ ನೋಡಿದೆ. ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಬಾಗಿ ಕೂತು ಕೆಮ್ಮುತ್ತಿದ್ದಳು. ಅತ್ಯಾ ಅವಳ ಬೆನ್ನಿಗೆ ಕೈಯಿಟ್ಟು ಡಬ್ಬಿ ಹಿಡಿದಿದ್ದಳು. ಅಮ್ಮನೇ ಅವಳನ್ನು ಎಬ್ಬಿಸಿದ್ದಳಂತೆ.

“ಅಕ್ಕಾರ, ನಂದು ನೋಡ್ರಿ. ಇವರಿಗೆ ಹೇಳಬ್ಯಾಡ್ರಿ.”

“ಇನ್ನೂ ಆಳದಿಂದ ಬರಲಿ. ಅವಸರ ಇಲ್ಲ. ಉಸಿರು ತುಂಬ ಒಳಗ ತಗೋ, ಹಿಡಿ, ಈಗ.”

ಆ ಡಬ್ಬಿಯಲ್ಲಿ ರಕ್ತದ ಎಳೆಯಿತ್ತು. ಅದೇ ಸಂಜೆ ಅತ್ಯಾ ಮೊದಲ ಸಲ ಸ್ನಾನ ಮಾಡದೆ, ಮುಂದಿನ ಬಾಗಿಲಿನಿಂದ, ಚಪ್ಪಲಿ ಸಮೇತ ಒಳಗೆ ಬಂದಳು. ಅಮ್ಮನ ಕಫದಲ್ಲಿ ಕ್ಷಯದ ರೋಗಾಣು ತುಂಬಿದೆ ಎಂದು ಹೇಳಿ, ದೇವರಕೋಣೆಗೆ ನುಗ್ಗಿ ಬೆಳಕಿಂಡಿಯ ಪತ್ತಲ ಎಳೆದು ಹಿತ್ತಲಿಗೆ ಎಸೆದಳು. ಮರುದಿನ ಅಜ್ಜಿಯನ್ನೂ ಅಮ್ಮನನ್ನೂ ಎಕ್ಸ್‌ರೇಗೆ ಒಯ್ದಳು. ರೋಗ ಅಜ್ಜಿಯ ಎದೆಯಲ್ಲಿ ಹಳೆಯದು, ಅಮ್ಮನ ಎದೆಯಲ್ಲಿ ಹೊಸದು, ಆದರೆ ಮುನ್ನುಗ್ಗಿದ್ದು ಅಮ್ಮನಲ್ಲೇ. ಆಮೇಲೆ ತಿಂಗಳುಗಟ್ಟಲೆ ಗುಳಿಗೆ. ಅತ್ಯಾ ಎದುರು ನಿಂತು, ಇಬ್ಬರೂ ನುಂಗಿ ಬಾಯಿ ತೆರೆದು ತೋರಿಸುವತನಕ ಕದಲುತ್ತಿರಲಿಲ್ಲ. ಅಜ್ಜಿ ಗುಳಿಗೆಯ ಮೇಲೆ ಮೊದಲು ತೀರ್ಥ ಪ್ರೋಕ್ಷಿಸಿ ಆಮೇಲೆ ನುಂಗುತ್ತಿದ್ದಳು. ಅವಳು ಪೂರ್ತಿ ಗುಣವಾದಳು, ಮತ್ತೆ ಹತ್ತು ವರ್ಷ ಮಡಿಯಲ್ಲೇ ಬಾಳಿದಳು. ಅಮ್ಮನ ಎಡ ಶ್ವಾಸಕೋಶದ ಅರ್ಧ ಭಾಗ ಸುರುಟಿಹೋಯಿತು. ಅವತ್ತಿನಿಂದ ಅವಳು ಒಂದು ವಾಕ್ಯವನ್ನು ಎರಡು ಕಂತಿನಲ್ಲಿ ಆಡುತ್ತಾಳೆ. ನನಗೆ ಏನೂ ಆಗಲಿಲ್ಲ. ಈ ರೋಗಕ್ಕೆ ನ್ಯಾಯ ಅನ್ಯಾಯ ಗೊತ್ತಿದ್ದಿದ್ದರೆ ನಾನು ಇದನ್ನು ಬರೆಯಲು ಉಳಿಯುತ್ತಿರಲಿಲ್ಲ. ಇಬ್ಬರೂ ಚೇತರಿಸಿಕೊಂಡ ಮೇಲೆ, ಒಂದು ಸೋಮವಾರ, ಅತ್ಯಾ ಕೆಲಸದಿಂದ ಬರುವ ಹೊತ್ತಿಗೆ ಮುಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಅವಳು ಮನೆಯನ್ನು ಸುತ್ತು ಹಾಕಿ ಬಚ್ಚಲಿಗೆ ಹೋದಳು. ಇಬ್ಬರ ಜೀವ ಉಳಿಸಿದ್ದಕ್ಕೆ ನಾವು ಕೊಟ್ಟ ಬಹುಮಾನ ಇದು.

ಮುಂದೆ ಅಪ್ಪನಿಗೆ ಔರಂಗಾಬಾದಿಗೆ ವರ್ಗವಾಯಿತು, ಅದೇ ಈಗಿನ ಸಂಭಾಜಿನಗರ. ಅತ್ಯಾನೂ ಒಂದೆರಡು ವರ್ಷಕ್ಕೆ ಅಲ್ಲಿಗೇ ಬಂದಳು, ಬೇರೆ ಮನೆ ಮಾಡಿದಳು, ಒಂದೇ ಬಾಗಿಲಿನ ಮನೆ. ಅಲ್ಲಿ ಅವಳು ಮಾಡಿದ ಕೆಲಸವನ್ನು ಆಮೇಲೆ ಬೇರೆ ಜಿಲ್ಲೆಗಳವರು ಬಂದು ನೋಡಿಕೊಂಡು ಹೋದರು. ಹೆಂಗಸರ ಡಬ್ಬಿಗಳಲ್ಲಿ ರೋಗಾಣು ಕಡಿಮೆ ಸಿಗುತ್ತದೆ, ಹೆಂಗಸರಿಗೆ ರೋಗವೇ ಕಡಿಮೆ ಎಂದು ಉಳಿದವರು ಆರಾಮಾಗಿದ್ದಾಗ, ಅವಳು ಸರಕಾರಿ ಎಸ್.ಟಿ. ಬಸ್ಸು ಹತ್ತಿ ಹಳ್ಳಿಗಳಿಗೆ ಹೋದಳು. ಕನ್ನಡ ಎಂಬ ತಾಲೂಕಿನ ಊರಿದೆಯಲ್ಲ, ಹೆಸರಿಗಷ್ಟೇ ಕನ್ನಡ, ಮಾತೆಲ್ಲ ಮರಾಠಿ, ಅಲ್ಲಿನ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರನ್ನು ಗಂಡಸರಿಂದ ದೂರ, ಬಯಲಲ್ಲಿ, ಬೇವಿನ ಮರದ ಕೆಳಗೆ ಕೂರಿಸಿ, ತಾನೇ ಕೆಮ್ಮಿ ತೋರಿಸಿ, ಆಳದಿಂದ ಕೆಮ್ಮುವುದನ್ನು ಕಲಿಸುತ್ತಿದ್ದಳು. ಡಾಕ್ಟರೀಣಬಾಯಿಗೆ ತಲೆ ಕೆಟ್ಟಿದೆ ಎಂದು ಆಸ್ಪತ್ರೆಯ ಗಂಡಸರು ನಗುತ್ತಿದ್ದರಂತೆ. ಹಾಗೆ ತೆಗೆದ ಡಬ್ಬಿಗಳಲ್ಲಿ ರೋಗ ಸಿಕ್ಕಿತು. ಬಹಳ ಸಿಕ್ಕಿತು. ನಗುವವರು ಆಮೇಲೆ ಅವಳ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರು ಹಾಕಿಸಿಕೊಳ್ಳಲು ಓಡಾಡಿದರು.

ಅವಳು ನಿವೃತ್ತಳಾದ ವರ್ಷ ಔರಂಗಾಬಾದಿನ ಕನ್ನಡಿಗರೆಲ್ಲ ಸೇರಿ ಸನ್ಮಾನ ಇಟ್ಟುಕೊಂಡರು, ಉಡುಪಿ ಕಡೆಯ ಶೆಟ್ಟರ ಹೋಟೆಲಿನ ಮೇಲಿನ ಸಭಾಂಗಣದಲ್ಲಿ. ಅಜ್ಜಿ ಅದಕ್ಕೂ ಸ್ವಲ್ಪ ಮುಂಚೆ ತೀರಿಕೊಂಡಿದ್ದಳು, ವಯಸ್ಸಾಗಿ, ನೆಮ್ಮದಿಯಿಂದ. ಲಿಫ್ಟು ಇರಲಿಲ್ಲ, ಎರಡು ಮಹಡಿ ಮೆಟ್ಟಿಲು. ಅಮ್ಮ ಮೇಲೆ ಹತ್ತಲಾರೆನೆಂದು ಕೆಳಗೆ ಹೋಟೆಲಿನಲ್ಲೇ ಕೂತಳು. ಅಪ್ಪ ಮಾತ್ರ ಎರಡೆರಡು ಮೆಟ್ಟಿಲು ಹಾರಿ ಹತ್ತಿ, ಶಾಲು ಹೊದಿಸಿ, ಮೈಕು ಹಿಡಿದ. ಅಕ್ಕನ ಸಾಧನೆಯ ಹಿಂದೆ ನಮ್ಮ ಮನೆತನದ ಸಂಸ್ಕಾರವಿದೆ, ನಮ್ಮ ತಾಯಿಯ ಶುಚಿತ್ವವೇ ಅವಳಿಗೆ ಮೊದಲ ಪಾಠ ಎಂದ. ಕೂತಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಎದ್ದು ಹೋಗಿ ಆ ಮೈಕಿನ ವೈರು ಕಿತ್ತು ಹಾಕಬೇಕೆನಿಸಿತು, ಹಾಕಲಿಲ್ಲ. ನಮ್ಮ ಮನೆಯಲ್ಲಿ ತಿರಸ್ಕಾರ ಯಥೇಚ್ಛ, ಧೈರ್ಯ ಮಾತ್ರ ಒಬ್ಬಳಿಗೇ ಸಿಕ್ಕಿತ್ತು. ಆಮೇಲೆ ಅವಳು ಎದ್ದು ನಿಂತಳು.

“ಈ ಕೆಲಸದ ವಿಚಾರ ಹೆಂಗ ಹೊಳೀತು ಅಂತ ಭಾಳ ಮಂದಿ ಕೇಳ್ತಾರ್ರಿ. ನಾಸಿಕದೊಳಗ ಒಂದು ಮನಿಯಿಂದ ನನಗ ಮೂರು ಡಬ್ಬಿ ಬಂದಿದ್ವು. ಒಬ್ಬಾಕಿ ಮುದುಕಿದು. ಆಕಿ ಬಾಯಾಗ ಹಲ್ಲಿಲ್ಲ, ಪೇಸ್ಟು ಅಂದ್ರೇನಂತ ಗೊತ್ತಿಲ್ಲ. ಮುಚ್ಚಳಾ ತಗದ್ರ ಮೂರರಾಗೂ ಸಣ್ಣ ಹುಡುಗರ ಸ್ಟ್ರಾಬೆರಿ ಪೇಸ್ಟಿನ ವಾಸನಿ. ಅವತ್ತಿಂದ ನಾ ಡಬ್ಬಿಯೊಳಗ ರೋಗ ಹುಡುಕೂಕಿಂತ ಮೊದಲ, ಉಗುಳು ಯಾರದಂತ ಕೇಳ್ಲಿಕ್ಕೆ ಶುರು ಮಾಡಿದೆ.”

ಇಡೀ ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪ. ಯಾವ ಮನೆ, ಯಾವ ಮುದುಕಿ ಎಂದು ಅವನ ತಲೆಗೆ ಹೋಗಲೇ ಇಲ್ಲ. ಅತ್ಯಾ ನನ್ನ ಕಡೆ ನೋಡಲಿಲ್ಲ. ಅಷ್ಟು ವರ್ಷ ಅವಳಿಗೆ ಗೊತ್ತಿತ್ತು, ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದಾಗಲೂ ಗೊತ್ತಿತ್ತು. ಅವಳು ಹೇಳಿದ್ದರೆ ಆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬುವಂತೆ ಹೇಳಬಹುದಾಗಿದ್ದವಳು ನಾನೊಬ್ಬಳೇ, ನಾನು ಗಂಟೆ ಬಾರಿಸುತ್ತ ಕೂತಿದ್ದೆ. ನಗು ಮುಗಿಯುವ ಮೊದಲೇ ಎದ್ದು ಮೆಟ್ಟಿಲಿಳಿದೆ.

ಅಮ್ಮ ಕಿಟಕಿಯ ಪಕ್ಕದ ಟೇಬಲಿನಲ್ಲಿದ್ದಳು. ಕಾಫಿ ಆರಿ ಕೆನೆ ಕಟ್ಟಿತ್ತು. ಎದುರು ಕೂತು, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಒಂದೇ ಉಸಿರಿಗೆ ಹೇಳಿಬಿಟ್ಟೆ: ಡಬ್ಬಿ, ಅಜ್ಜಿ, ಗಂಟೆ, ಮೂರು ದಿನ. ನಿನ್ನ ಎದೆ ಹಾಳಾದದ್ದು ನನ್ನಿಂದ ಎಂದೆ. ಅಮ್ಮ ಸೆರಗಿನ ತುದಿಯಿಂದ ಟೇಬಲಿನ ಮೇಲಿನ ನೀರು ಒರೆಸಿದಳು.

“ನಾ ನೋಡಿದ್ದೆ. ಅಡಗಿಮನಿ ಬಾಗಲದಾಗ ನಿಂತಿದ್ದೆ.”

“ನೋಡಿದ್ದ್ಯಾ? ಮತ್ತ ಯಾಕ ಹೇಳಲಿಲ್ಲ?”

ಅವಳು ಒಮ್ಮೆ ಉಸಿರು ತುಂಬಿಕೊಂಡಳು.

“ನಾ ನಿಮ್ಮ ಮನಿತನಕ್ಕ ಸೊಸಿಯಾಗಿ ಬಂದು ಹನ್ನೆರಡು ವರ್ಷ ಆಗಿತ್ತು. ನಿಮ್ಮಜ್ಜಿ ನನಗ ಒಂದು ದಿನಾನೂ ಆ ಗಂಟಿ ಮುಟ್ಟಗೊಟ್ಟಿರಲಿಲ್ಲ.” ಮತ್ತೆ ಉಸಿರೆಳೆದುಕೊಂಡಳು. “ನನ್ನ ಮಗಳಿಗಾದರೂ ದೇವರ ಮುಂದ ಕೂಡಲಿಕ್ಕೆ ಒಂದು ಮಣಿ ಸಿಕ್ತಲ್ಲ ಅಂತ ಸುಮ್ಮನಾದೆ.”